ಕವನವೇ ಬೇರೆ, ಕಾವ್ಯವೇ ಬೇರೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷ್ ರೊಮ್ಯಾಂಟಿಕ್ ವಿಮರ್ಶೆಯನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೇಖಕರ ಶ್ರಮ ಮೆಚ್ಚುವಂಥದ್ದು. ಆದರೆ ಇಂಗ್ಲಿಷ್ ಕವಿ, ವಿಮರ್ಶಕ ಕೋಲ್‌ರಿಜ್‌ನ ವ್ಯಾಖ್ಯೆಯೆಂದು ಅವರು ಕೊಟ್ಟಿರುವ ‘ಸಂತೋಷವೇ ಕಾವ್ಯದ ಗುರಿ’ ಎಂಬ ವಾಕ್ಯ, ಕವನ (ಪೊಯೆಮ್) ಮತ್ತು ಕಾವ್ಯ (ಪೊಯೆಟ್ರಿ) ಎಂದು ಅವನು ಬೇಕೆಂದೇ ಬೇರೆ ಬೇರೆಯಾಗಿ ಇಟ್ಟಿದ್ದ ಎರಡು ವ್ಯಾಖ್ಯೆಗಳನ್ನು ಒಂದಾಗಿ ಬೆಸೆದಿದೆ. ನಮ್ಮ ಪದವಿ ತರಗತಿಗಳ ಟಿಪ್ಪಣಿಗಳಲ್ಲಿಯೂ ಇದೇ ರೂಢಿ ಬೇರೂರಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

1817ರಲ್ಲಿ ಬಂದ ತನ್ನ ವಿಮರ್ಶಾಗ್ರಂಥ ‘ಬಯೊಗ್ರಾಫಿಯಾ ಲಿಟರೇರಿಯಾ’ದ 14ನೆಯ ಅಧ್ಯಾಯದಲ್ಲಿ ಕೋಲ್‌ರಿಜ್ ಮೊದಲು ಕೇಳುವುದು ಕವನ ಎಂದರೇನು ಎಂದು, ಕಾವ್ಯ ಎಂದರೇನು ಎಂಬ ಪ್ರಶ್ನೆಗೆ ಬರುವುದು ಆಮೇಲೆ. ತಿಂಗಳುಗಳ ದಿನಸಂಖ್ಯೆಯನ್ನು ನೆನಪಿಡಲು ಮಕ್ಕಳು ಹೇಳುವ ಪ್ರಾಸಬದ್ಧ ಸಾಲುಗಳನ್ನೂ, ಕೇವಲ ಲಯ ಪ್ರಾಸಗಳಿವೆ ಎಂಬ ಕಾರಣಕ್ಕೆ, ತೀರ ಕೆಳಗಿನ ಅರ್ಥದಲ್ಲಿ ಕವನವೆಂದು ಕರೆಯಬಹುದು ಎಂದು ಒಪ್ಪಿಕೊಂಡೇ ಅವನು ಮುಂದುವರಿಯುತ್ತಾನೆ. ಸರಿಯಾದ ಅರ್ಥದ ಕವನ ಹಾಗಲ್ಲ. ಸತ್ಯವನ್ನಲ್ಲ, ಸಂತೋಷವನ್ನು ತನ್ನ ತಕ್ಷಣದ ಗುರಿಯಾಗಿ ಇಟ್ಟುಕೊಂಡು ಅದು ಶಾಸ್ತ್ರಗ್ರಂಥದಿಂದ ಬೇರೆಯಾಗುತ್ತದೆ. ಇಡೀ ರಚನೆಯಿಂದ ದೊರೆಯುವ ಆನಂದ ಮತ್ತು ಪ್ರತಿಯೊಂದು ಭಾಗದಿಂದ ದೊರೆಯುವ ತೃಪ್ತಿ ಇವೆರಡೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ, ಅದೇ ಗುರಿಯುಳ್ಳ ಕಥೆ ಕಾದಂಬರಿಗಳಿಂದಲೂ ಬೇರೆಯಾಗುತ್ತದೆ. ಆದ್ದರಿಂದಲೇ ಒಂದೊಂದು ಸಾಲೂ ತನ್ನತ್ತಲೇ ಕಣ್ಣು ಸೆಳೆದು ಸಂದರ್ಭದಿಂದ ಕಳಚಿಕೊಳ್ಳುವ ಬಿಡಿ ಚಮತ್ಕಾರಗಳ ಸರಣಿಯನ್ನು ಅವನು ನಿಜವಾದ ಕವನವೆಂದು ಒಪ್ಪುವುದಿಲ್ಲ. ಭಾಗಗಳಲ್ಲಿ ಎಲ್ಲಿಯೂ ಮನಸ್ಸು ನಿಲ್ಲದೆ ಕೇವಲ ಒಟ್ಟು ಸಾರಾಂಶ ಸಿಕ್ಕಿಬಿಡುವ ರಚನೆಯನ್ನೂ ಒಪ್ಪುವುದಿಲ್ಲ. ಓದುಗನು ಕೊನೆಯನ್ನು ತಲುಪುವ ಕುತೂಹಲದಿಂದಲ್ಲ, ದಾರಿಯ ಸೊಗಸಿನಿಂದಲೇ ಮುಂದೆ ಸಾಗಬೇಕು. ಹೆಜ್ಜೆಹೆಜ್ಜೆಗೂ ತುಸು ನಿಂತು, ಅರ್ಧ ಹಿಂದೆ ಸರಿದು, ಆ ಹಿಂಜರಿತದಿಂದಲೇ ಮುಂದಿನ ಚಲನೆಗೆ ಬಲ ಪಡೆಯುವ ಹಾವಿನಂತೆ ಎನ್ನುತ್ತಾನೆ. ಮೆಚ್ಚುಗೆಯ ಎರಡು ಸಾಲುಗಳನ್ನು ಕಿತ್ತು ಮೊಬೈಲಿನಲ್ಲಿ ಹಂಚಿಕೊಳ್ಳುವುದನ್ನೇ ಕವಿತೆಯ ಓದು ಎಂದುಕೊಳ್ಳುತ್ತಿರುವ ನಮಗೆ ಈ ಮಾತು ಮುಟ್ಟಬೇಕಾದದ್ದು.

ಕಾವ್ಯದ ಪ್ರಶ್ನೆಗೆ ಬಂದಾಗ ಕೋಲ್‌ರಿಜ್ ನೆಲೆಯನ್ನೇ ಬದಲಿಸುತ್ತಾನೆ. ಪ್ಲೇಟೋನ ಬರಹಗಳು, ಇಂಗ್ಲಿಷ್ ಧರ್ಮಗುರು ಬಿಷಪ್ ಟೇಲರನ ಗದ್ಯ, ಭೂಮಿಯ ಉತ್ಪತ್ತಿಯನ್ನು ಕುರಿತ ಬರ್ನೆಟ್‌ನ ಗ್ರಂಥ ‘ಥಿಯೋರಿಯಾ ಸಾಕ್ರಾ’ ಇವೆಲ್ಲ ಛಂದಸ್ಸಿಲ್ಲದೆಯೂ ಅತ್ಯುನ್ನತ ಕಾವ್ಯ ಇರಬಲ್ಲದು ಎಂಬುದಕ್ಕೆ ಸಾಕ್ಷಿ ಎನ್ನುತ್ತಾನೆ. ಬೈಬಲ್ಲಿನ ಯೆಶಾಯನ ಗ್ರಂಥದ ಮೊದಲ ಅಧ್ಯಾಯ ಪೂರ್ಣಾರ್ಥದಲ್ಲಿ ಕಾವ್ಯವೇ. ಆದರೆ ಆ ಪ್ರವಾದಿಯ ತಕ್ಷಣದ ಗುರಿ ಸತ್ಯವಲ್ಲ, ಸಂತೋಷ ಎನ್ನುವುದು ವಿಚಿತ್ರವೂ ಅಸಂಗತವೂ ಆಗುತ್ತದೆ ಎಂದು ಸೇರಿಸುತ್ತಾನೆ. ಎಂದರೆ, ಕವನಕ್ಕೆ ಲಕ್ಷಣವಾಗಿದ್ದ ಗುರಿ ಕಾವ್ಯಕ್ಕೆ ಲಕ್ಷಣವಲ್ಲ. ನಿಮ್ಮ ಲೇಖಕರು ‘ಸಂತೋಷವೇ ಕಾವ್ಯದ ಗುರಿ’ ಎಂದು ಕೋಲ್‌ರಿಜ್‌ನ ಹೆಸರಿನಲ್ಲಿ ಬರೆದಾಗ ಯೆಶಾಯನ ಈ ಉದಾಹರಣೆಯನ್ನು ಗಮನಕ್ಕೆ ತಂದುಕೊಂಡಿಲ್ಲ. ವಚನಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಇದು ಹೊಸ ಅನುಭವವೇನೂ ಅಲ್ಲ. ತಾಳಮಾನ, ಗಣಗಳ ಲೆಕ್ಕವನ್ನು ಅರಿಯೆನೆಂದ ಬಸವಣ್ಣನವರ ಮಾತಿನ ಗುರಿ ರಂಜನೆಯಲ್ಲ. ಅದು ಕಾವ್ಯವೇ ಎಂಬುದರಲ್ಲಿ ನಮಗೆ ಅನುಮಾನವೂ ಇಲ್ಲ.

ಹಾಗಾದರೆ ಕಾವ್ಯ ಯಾವುದು? ಕಾವ್ಯ ಎಂದರೇನು ಎಂಬ ಪ್ರಶ್ನೆಯೂ ಕವಿ ಯಾರು ಎಂಬ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ ಎನ್ನುವುದು ಅವನ ಉತ್ತರ. ಕವಿ ಮನುಷ್ಯನ ಇಡೀ ಆತ್ಮವನ್ನು ಚಟುವಟಿಕೆಗೆ ತರುತ್ತಾನೆ. ಹೊಸತನ್ನು ಚಿರಪರಿಚಿತದೊಂದಿಗೆ, ಮಿಗಿಲಾದ ಭಾವಾವೇಶವನ್ನು ಮಿಗಿಲಾದ ಶಿಸ್ತಿನೊಂದಿಗೆ ಕೂಡಿಸುವ ಶಕ್ತಿಯಾದ ಕಲ್ಪನೆಯಿಂದ ಎಲ್ಲವನ್ನೂ ಒಂದಾಗಿ ಕರಗಿಸುತ್ತಾನೆ. ಕವನ ಒಂದು ರಚನೆ. ಕಾವ್ಯ ಒಂದು ಮನೋವ್ಯಾಪಾರ.

ಇದು ಬರಿಯ ತತ್ತ್ವವಲ್ಲ ಎಂಬುದನ್ನು 15ನೆಯ ಅಧ್ಯಾಯದಲ್ಲಿ ಅವನೇ ತೋರಿಸಿದ್ದಾನೆ. ಕಡಲಗಾಳಿಗೆ ಬಾಗಿ, ಬೋಳಾಗಿ, ಮುಸ್ಸಂಜೆಯಲ್ಲಿ ಕಾಣುವ ಪೈನ್ ಮರಗಳ ಸಾಲನ್ನು ಹೇಳುವ ಎರಡು ಪಂಕ್ತಿಗಳನ್ನು ಅಲ್ಲಿ ಕೊಡುತ್ತಾನೆ. ವರ್ಣನಾತ್ಮಕ ಕವನವೊಂದರಲ್ಲಿ ಈ ಪಂಕ್ತಿಗಳು ತಕ್ಕ ಜಾಗದಲ್ಲಿ ಸೇರಬಹುದು. ಲಯವನ್ನು ಸ್ವಲ್ಪ ಬದಲಿಸಿದರೆ ಸ್ಥಳವರ್ಣನೆಯ ಪುಸ್ತಕದಲ್ಲಿಯೂ ಅಷ್ಟೇ ಚೆನ್ನಾಗಿ ಸೇರುತ್ತವೆ ಎನ್ನುತ್ತಾನೆ. ಆಮೇಲೆ ಅದೇ ಮರಗಳು ಬಿರುಸಿನ ಕಡಲಗಾಳಿಯಿಂದ ತಪ್ಪಿಸಿಕೊಂಡು, ಕೆದರಿದ ಕೇಶರಾಶಿಯನ್ನು ಮುಂದಕ್ಕೆ ಹಾರಿಸಿಕೊಂಡು ಓಡುತ್ತಿರುವಂತೆ ಚಿತ್ರವನ್ನು ತಿರುಗಿ ಬರೆಯುತ್ತಾನೆ. ಮರಗಳು ಅವೇ, ಮುಸ್ಸಂಜೆಯೂ ಅದೇ. ಈಗ ಅವುಗಳೊಳಗೆ ಒಂದು ಮನಸ್ಸು ಹೊಕ್ಕಿದೆ. ಕವನಕ್ಕೂ ಕಾವ್ಯಕ್ಕೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ಹೇಳಬೇಕಾದಾಗ ಈ ಒಂದು ಪುಟ ಹತ್ತು ವ್ಯಾಖ್ಯೆಗಳಿಗಿಂತ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ನಂಬಿಕೆ.

ಈ ಭೇದವನ್ನು ಅಳಿಸಿಬಿಟ್ಟರೆ ಆಗುವ ನಷ್ಟ ದೊಡ್ಡದು. ದೀರ್ಘವಾದ ಯಾವ ಕವನವೂ ಪೂರ್ತಿಯಾಗಿ ಕಾವ್ಯವಾಗಿರಲಾರದು, ಆಗಿರಲೂ ಬಾರದು ಎಂದು ಕೋಲ್‌ರಿಜ್ ಹೇಳುತ್ತಾನೆ. ಎರಡೂ ಒಂದೇ ಎಂದು ಓದಿದವರಿಗೆ ಈ ವಾಕ್ಯ ಒಗಟಾಗಿಯೇ ಉಳಿಯುತ್ತದೆ. ಅವನು ಹೇಳುವುದು ಇಷ್ಟು: ಕಾವ್ಯವಲ್ಲದ ಭಾಗಗಳು ಕಾವ್ಯದ ಭಾಗಗಳೊಂದಿಗೆ ಶ್ರುತಿಗೂಡಿರಬೇಕು, ಅದಕ್ಕೆ ಪದಗಳ ಎಚ್ಚರದ ಆಯ್ಕೆ ಬೇಕು, ಯೋಚಿಸಿ ಮಾಡಿದ ಜೋಡಣೆ ಬೇಕು, ಗದ್ಯ ಬಯಸುವುದಕ್ಕಿಂತ ಹೆಚ್ಚು ಸಮನಾದ ಗಮನವನ್ನು ಅವು ಓದುಗನಲ್ಲಿ ಉಳಿಸಬೇಕು. ಅಮೆರಿಕದ ಕವಿ ಎಡ್ಗರ್ ಅಲನ್ ಪೋ ಮುಂದೆ ದೀರ್ಘ ಕವನವೆಂಬುದೇ ಇಲ್ಲ, ಇರುವುದು ಸಣ್ಣ ಕವನಗಳ ಸಾಲು ಮಾತ್ರ ಎಂಬ ನಿಲುವಿಗೆ ಹೋದ. ಕೋಲ್‌ರಿಜ್ ಆ ದಾರಿ ಹಿಡಿಯಲಿಲ್ಲ. ಮಹಾಕಾವ್ಯದಲ್ಲಿ ಸೇನೆಯ ಪಟ್ಟಿ, ವಂಶದ ವಿವರ, ಪಯಣದ ಪ್ರಸ್ತಾಪ ಇರುವ ಪುಟಗಳನ್ನು ಸಹಿಸಿಕೊಳ್ಳುವುದಷ್ಟೇ ಅಲ್ಲ, ಇಡೀ ಕೃತಿಯ ಕಟ್ಟಡಕ್ಕೆ ಅವು ಏಕೆ ಬೇಕು ಎಂದು ವಿವರಿಸುವ ದಾರಿ ಅವನಲ್ಲಿ ಇದೆ.

ಈ ಯೋಚನೆಗೆ ಕೋಲ್‌ರಿಜ್‌ನ ಗೆಳೆಯ, ಕವಿ ವರ್ಡ್ಸ್‌ವರ್ತ್ ದಾರಿ ಮಾಡಿಕೊಟ್ಟಿದ್ದನೆಂಬುದನ್ನೂ ಹೇಳಬೇಕು. ಇಬ್ಬರ ಕವನಗಳೂ ಇರುವ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ ಮುನ್ನುಡಿಯ ಅಡಿಟಿಪ್ಪಣಿಯೊಂದರಲ್ಲಿ, ಕಾವ್ಯಕ್ಕೆ ಎದುರಾಗಿ ನಿಲ್ಲುವುದು ಗದ್ಯವಲ್ಲ, ವಾಸ್ತವ ಸಂಗತಿ ಅಥವಾ ವಿಜ್ಞಾನ, ಗದ್ಯಕ್ಕೆ ಎದುರು ಛಂದಸ್ಸು ಮಾತ್ರ ಎಂದು ಅವನು ಬರೆದಿದ್ದಾನೆ. ‘ಪ್ರಬಲ ಭಾವಗಳ ಸಹಜ ಉಕ್ಕು’ ಎಂಬ ಅವನ ಮಾತೊಂದನ್ನೇ ಎತ್ತಿಕೊಂಡಿರುವ ನಿಮ್ಮ ಲೇಖನದಲ್ಲಿ ಈ ಟಿಪ್ಪಣಿಗೂ ಜಾಗವಿರಬೇಕಿತ್ತು. 1821ರಲ್ಲಿ ಬರೆದು 1840ರಲ್ಲಿ ಮಾತ್ರ ಅಚ್ಚಾದ, ಕವಿ ಶೆಲ್ಲಿಯ ‘ಎ ಡಿಫೆನ್ಸ್ ಆಫ್ ಪೊಯೆಟ್ರಿ’ ಪ್ರಬಂಧ ಇನ್ನೂ ಮುಂದೆ ಹೋಗಿ, ಕವಿಗಳು ಮತ್ತು ಗದ್ಯಬರಹಗಾರರು ಎಂಬ ವಿಂಗಡಣೆಯನ್ನೇ ತಪ್ಪೆಂದು ತಳ್ಳಿಹಾಕುತ್ತದೆ. ರಚನೆ ಶುರುವಾಗುವ ಹೊತ್ತಿಗೆ ಸ್ಫೂರ್ತಿ ಇಳಿಯತೊಡಗಿರುತ್ತದೆ ಎನ್ನುವ ಶೆಲ್ಲಿಗೆ ಬರೆದ ಕವನ ಕಾವ್ಯದ ಮಸುಕಾದ ಗುರುತು. ಕೋಲ್‌ರಿಜ್‌ಗೆ ಕವನ ಅಷ್ಟು ಹಗುರವಾದ ವಸ್ತುವಲ್ಲ. ಅದಕ್ಕೆ ತನ್ನದೇ ನ್ಯಾಯವಿದೆ. ಅದು ಹೀಗೆಯೇ ಏಕಿದೆ, ಬೇರೆಯಾಗಿ ಏಕಿಲ್ಲ ಎಂಬುದರ ಕಾರಣ ಅದರೊಳಗೇ ಇರಬೇಕೆಂದು ಅವನು ಬಯಸುತ್ತಾನೆ.

ಲೇಖನಮಾಲೆ ಮುಂದುವರಿಯಲಿದೆ ಎಂದು ಪುರವಣಿಯಲ್ಲಿ ತಿಳಿಸಿದ್ದೀರಿ. ಮುಂದಿನ ಕಂತಿನಲ್ಲಿ 14ನೆಯ ಅಧ್ಯಾಯದ ಕೊನೆಯ ಪುಟಗಳನ್ನೂ ಪೈನ್ ಮರಗಳ ಎರಡು ಪಾಠಗಳನ್ನೂ ಕನ್ನಡದಲ್ಲಿ ಅಕ್ಕಪಕ್ಕ ಪ್ರಕಟಿಸಬೇಕೆಂದು ಲೇಖಕರನ್ನೂ ತಮ್ಮನ್ನೂ ಕೋರುತ್ತೇನೆ.

ಇಂತಿ,
ಇಂಗ್ಲಿಷ್ ಅಧ್ಯಾಪಕ, ಧಾರವಾಡ