ತಿಂಗಳ ದಿನಸಿ: ಅಂಗಡಿಗೆ ಹೋಗುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಸಂಬಳ ಬಂದ ದಿನವೇ ಸಾಮಾನು ತರುವವರು ಮೊದಲು ಮನೆಯ ಡಬ್ಬಿಗಳನ್ನು ತೆರೆದು ನೋಡಿ. ಉಳಿದದ್ದನ್ನು ಕಳೆದು ಚೀಟಿ ಬರೆಯಿರಿ.

ದುಡ್ಡು ಹೆಚ್ಚು ಸೋರುವುದು ಬೇಳೆ, ಎಣ್ಣೆಯಲ್ಲಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 100 ಗ್ರಾಂ ತೊಗರಿಬೇಳೆ ಬೇಯಿಸಿದರೆ ತಿಂಗಳಿಗೆ 3 ಕೆಜಿ. ವಾರಕ್ಕೆ ಮೂರು ದಿನ ಹುರುಳಿ, ಅಲಸಂದೆ, ಹೆಸರುಕಾಳಿಗೆ ಹೊರಳಿದರೆ ತೊಗರಿ 1¾ ಕೆಜಿಗೆ ಇಳಿಯುತ್ತದೆ. ಹುರುಳಿಯನ್ನು ರಾತ್ರಿಯೇ ನೆನೆಹಾಕಿ. ನೆನೆಯದ ಕಾಳು ಬೇಯುವಷ್ಟರಲ್ಲಿ ಗ್ಯಾಸ್ ಕುಡಿದುಬಿಡುತ್ತದೆ, ಬೇಳೆಯಲ್ಲಿ ಉಳಿಸಿದ್ದು ಒಲೆಗೆ ಹೋಯಿತು. ಬಸಿದ ಕಟ್ಟು ಚೆಲ್ಲಬೇಡಿ: ಅದು ಬಸ್ಸಾರಿಗೆ, ಕಾಳು ಪಲ್ಯಕ್ಕೆ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ.

ಎಣ್ಣೆ ಪ್ಯಾಕೆಟ್‌ನಲ್ಲಿ ಬೆಲೆಗಿಂತ ಮೊದಲು ತೂಕ ನೋಡಿ. 1 ಲೀಟರ್ ಎಂದರೆ ಸುಮಾರು 910 ಗ್ರಾಂ. ಅಷ್ಟೇ ದೊಡ್ಡದಾಗಿ ಕಾಣುವ ಕೆಲವು ಪ್ಯಾಕೆಟ್‌ಗಳಲ್ಲಿ 800–850 ಗ್ರಾಂ ಮಾತ್ರ ಇರುತ್ತದೆ. ನಾಲ್ವರಿಗೆ ತಿಂಗಳಿಗೆ 2 ಲೀಟರ್ ಸಾಕು. ಪ್ರತಿ ಸೋಮವಾರ 450 ಮಿಲಿ ಬಾಟಲಿಗೆ ಸುರಿದು ಅದರಲ್ಲೇ ವಾರ ದಾಟಿಸಿ. ಡಬ್ಬದಿಂದ ನೇರ ಬಾಣಲೆಗೆ ಸುರಿದರೆ ಲೆಕ್ಕವೇ ಸಿಗುವುದಿಲ್ಲ.

ರೇಷನ್ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲಿದರೆ ಹೆದರಬೇಡಿ, ಪ್ಲಾಸ್ಟಿಕ್ ಅಲ್ಲ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳುಗಳವು. ದಯವಿಟ್ಟು ಆರಿಸಿ ಎಸೆಯಬೇಡಿ, ಮಕ್ಕಳಿಗೆ ಬೇಕಾದದ್ದು ಅದರಲ್ಲೇ ಇದೆ.

ಉದ್ರಿ ತರುವುದಿದ್ದರೆ ಚೀಟಿಯಲ್ಲಿ ಮೊತ್ತ ಮಾತ್ರವಲ್ಲ, ಪ್ರತಿ ಸಾಮಾನಿನ ದರವನ್ನೂ ಅಂದೇ ಬರೆಸಿಕೊಳ್ಳಿ. ತಿಂಗಳ ಕೊನೆಗೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.