ಬೈಯಲಿಕ್ಕಾದರೂ ಹತ್ತಿರದವರು ಬೇಕು

ಆತ್ಮೀಯ ಕನ್ನಡ ಬಂಧುಗಳೇ,

ಹೋದ ವರ್ಷದ ಗಣೇಶೋತ್ಸವಕ್ಕೆ ಬಂದಿದ್ದವರಲ್ಲಿ ಒಂದು ಕ್ಷಮೆ ಕೇಳುವುದು ಬಾಕಿ ಇದೆ. 2024ರ ಸೆಪ್ಟೆಂಬರ್ 14, ಶನಿವಾರ. ಚೌತಿ ಹಿಂದಿನ ವಾರವೇ ಮುಗಿದಿತ್ತು, ನಮಗೆ ಹಾಲ್ ಸಿಕ್ಕಿದ್ದು ಅಂದು. ಪುಟ್ಟ ಮಕ್ಕಳು ವೇದಿಕೆಯ ಮೇಲೆ ಶ್ಲೋಕ ಹೇಳುತ್ತಿದ್ದಾಗ ಅಡುಗೆಮನೆಯಿಂದ ಕೇಳಿಬಂದ ಆ ವಿಕಾರವಾದ ಕೂಗು ಯಾರದೆಂದು ಸಮಿತಿಯವರು ಬಹಳ ದಿನ ವಿಚಾರಿಸಿದರು. ನನ್ನದೇ. ಕೋಸಂಬರಿ ಪಾತ್ರೆಗೆ ಫೋನು ಒರಗಿಸಿಕೊಂಡು ಆಪಲ್ ಕಪ್, ಅಂದರೆ ವಾಷಿಂಗ್ಟನ್ ರಾಜ್ಯದ ಎರಡು ವಿಶ್ವವಿದ್ಯಾಲಯಗಳ ನಡುವಿನ ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದೆ. ಆಟ ಮುಗಿಯಲು ಒಂದು ನಿಮಿಷ ಚಿಲ್ಲರೆ ಉಳಿದಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಸ್ಕಿಗಳಿಗೆ ಗೋಲ್ ಗೆರೆ ಒಂದೇ ಗಜ ದೂರ, ಇದ್ದದ್ದು ಕೊನೆಯ ಪ್ರಯತ್ನ. ಅವರ ಕ್ವಾರ್ಟರ್‌ಬ್ಯಾಕ್ ಅಂಚಿನ ಕಡೆ ಓಡುತ್ತ ಚೆಂಡನ್ನು ಪಕ್ಕದ ಓಟಗಾರನಿಗೆ ಎಸೆದ, ನಮ್ಮ ವಾಷಿಂಗ್ಟನ್ ಸ್ಟೇಟ್ ಹುಡುಗರು ಅಡ್ಡ ಬಂದು ಅವನನ್ನು ಆಚೆಗೆ ಕೆಡವಿದರು. 24-19. ಎದುರಿಗೆ ಚಿತ್ರಾನ್ನ ಕಲೆಸುತ್ತಿದ್ದ ನನ್ನ ಮಗ, ಜುಬ್ಬದ ಒಳಗೆ ಹಸ್ಕಿಗಳ ನೇರಳೆ ಶರ್ಟು ತೊಟ್ಟವನು, ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹೊರಗೆ ಹೋಗಿ ಕಾರಿನಲ್ಲಿ ಕೂತ.

ತಪ್ಪು ನನ್ನದೇ, ಒಪ್ಪಿದೆ. ಆದರೆ ಗಣಪತಿಯ ದಿನಗಳಲ್ಲಿ ಆಪಲ್ ಕಪ್ ಬಂದದ್ದು ಹೇಗೆ? ಎರಡೂ ವಿಶ್ವವಿದ್ಯಾಲಯಗಳು ಮೊದಲ ಬಾರಿ ಎದುರಾದದ್ದು 1900ರಲ್ಲಿ, ಆ ಪಂದ್ಯಕ್ಕೆ ಆಪಲ್ ಕಪ್ ಎಂಬ ಹೆಸರು ಬಂದದ್ದು 1962ರಲ್ಲಿ. ನಮಗೆ ಗೊತ್ತಿದ್ದಂತೆ ಅದು ನವೆಂಬರಿನ ಆಟ, ಥ್ಯಾಂಕ್ಸ್‌ಗಿವಿಂಗ್ ವಾರದ ಚಳಿಯ ಆಟ, ಇಡೀ ಸೀಸನ್ನಿನ ಕೊನೆಗೆ ಇಟ್ಟುಕೊಂಡ ಜಗಳ. ಅದನ್ನು ಸೆಪ್ಟೆಂಬರಿಗೆ ತಂದು ಕೂರಿಸಿದ್ದು ಕಾನ್ಫರೆನ್ಸ್ ಎಂಬ ಮನೆ ಒಡೆದದ್ದರ ಫಲ.

ಕಾನ್ಫರೆನ್ಸ್ ಎಂದರೇನು ಎಂದು ಇಲ್ಲಿಗೆ ಹೊಸದಾಗಿ ಬಂದವರು ಕೇಳುತ್ತಾರೆ. ಲೀಗ್ ಎಂದರೂ ನಡೆಯುತ್ತದೆ, ನನ್ನ ಮಟ್ಟಿಗೆ ಅದು ಹೋಬಳಿ. ವರ್ಷವರ್ಷ ಅದೇ ಸುತ್ತಮುತ್ತಲ ಊರಿನವರ ಜೊತೆ ಆಟ, ಅದೇ ಮುಯ್ಯಿ, ಅದೇ ಸೇಡು. ನಮ್ಮ ಪಶ್ಚಿಮ ಕರಾವಳಿಯ ಹೋಬಳಿ 1915ರಲ್ಲಿ ಹುಟ್ಟಿತು. ಪ್ಯಾಕ್-8, ಪ್ಯಾಕ್-10 ಎಂದು ಬೆಳೆದು 2011ರಲ್ಲಿ ಪ್ಯಾಕ್-12 ಆಯಿತು. ಒಡೆಯಲು ತಗುಲಿದ್ದು ಹದಿನಾಲ್ಕು ತಿಂಗಳು. 2022ರ ಜೂನ್ 30ರಂದು ಲಾಸ್ ಏಂಜಲೀಸಿನ ಯುಎಸ್‌ಸಿ ಮತ್ತು ಯುಸಿಎಲ್‌ಎ ವಿಶ್ವವಿದ್ಯಾಲಯಗಳು ಬಿಗ್ ಟೆನ್ ಎಂಬ ಬೇರೆ ಹೋಬಳಿಗೆ ಹೊರಟೆವು ಎಂದವು. ಮುಂದಿನ ಜುಲೈಯಲ್ಲಿ ಕೊಲೊರಾಡೊ ಬಿಗ್ 12ಕ್ಕೆ. ಉಳಿದ ಒಂಬತ್ತು ಮಂದಿಯ ಮುಂದೆ ಆಪಲ್ ಕಂಪನಿಯ ಸ್ಟ್ರೀಮಿಂಗ್ ಒಪ್ಪಂದ ಒಂದಿತ್ತು. ಚಂದಾದಾರರು ಎಷ್ಟು ಜನ ಸಿಕ್ಕರೆ ಅಷ್ಟು ಹಣ ಎಂಬ ತರಹದ್ದು. 2023ರ ಆಗಸ್ಟ್ 4ರಂದು ಸಹಿ ಬೀಳಬಹುದೆಂದು ಕಾಯುತ್ತಿದ್ದವರಿಗೆ ಸಂಜೆಯೊಳಗೆ ಬಂದ ಸುದ್ದಿ ಬೇರೆ: ವಾಷಿಂಗ್ಟನ್, ಆರಿಗನ್ ಬಿಗ್ ಟೆನ್‌ಗೆ, ಅರಿಜೋನಾದ ಎರಡೂ ತಂಡಗಳು ಮತ್ತು ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಕೂಡ ಎದ್ದು ಹೋದವು. ಹೋದದ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ! ಪೆಸಿಫಿಕ್ ದಂಡೆಯ ಮೇಲೆ ಕೂತವರು ಅಟ್ಲಾಂಟಿಕ್ ಕರಾವಳಿಯವರಾದರು. ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ತಂಡಗಳು, ಬಿಗ್ 12ರಲ್ಲಿ ಹದಿನಾರು. ಮಗ್ಗಿ ಕಲಿಯುವ ಮಕ್ಕಳಿಗೆ ಇದನ್ನು ತೋರಿಸಬೇಡಿ.

ಅವಿಭಕ್ತ ಕುಟುಂಬದ ಪಾಲುಪಟ್ಟಿ ನೋಡಿದವರಿಗೆ ಮುಂದಿನ ಕಥೆ ಬಾಯಿಪಾಠ. ಹಳೇ ಮನೆಯಲ್ಲಿ ಉಳಿದವರು ಇಬ್ಬರೇ, ಕೊರ್ವಾಲಿಸ್‌ನ ಆರಿಗನ್ ಸ್ಟೇಟ್ ಮತ್ತು ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್. ಹೊರಟ ಹತ್ತು ಮಂದಿಗೂ ಮನೆಯ ಯಜಮಾನಿಕೆಯಲ್ಲಿ ಮಾತಿರಬೇಕೇ ಎಂದು ಕೋರ್ಟು ಹತ್ತಿದರು, ಗೆದ್ದರು. ನಾಮಫಲಕ, ತಿಜೋರಿ, ಮೊಕದ್ದಮೆಗಳು ಎಲ್ಲವೂ ಇವರ ಪಾಲಿಗೆ ಬಂದವು. ಆಡಲು ಮಾತ್ರ ಯಾರೂ ಇರಲಿಲ್ಲ. ಹನ್ನೆರಡರ ಹೆಸರಿಟ್ಟುಕೊಂಡು ಇಬ್ಬರು.

ಇದಕ್ಕೆಲ್ಲ ದುಡ್ಡೇ ಕಾರಣ ಎಂದುಬಿಟ್ಟರೆ ಸುಲಭ, ಸುಳ್ಳೂ ಅಲ್ಲ. ಪಂದ್ಯಗಳ ಟಿವಿ ಹಕ್ಕನ್ನು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಒಂದೇ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಕಾನ್ಫರೆನ್ಸುಗಳೇ ಅಂಗಡಿ ತೆರೆದವು. 2022ರಲ್ಲಿ ಬಿಗ್ ಟೆನ್ ಮಾಡಿಕೊಂಡ ವ್ಯಾಪಾರ ಏಳು ವರ್ಷಕ್ಕೆ ಏಳು ಬಿಲಿಯನ್ ಡಾಲರಿಗೂ ಮೇಲೆ. ಆದರೆ ನನ್ನನ್ನು ಕಾಡಿದ್ದು ದೊಡ್ಡ ಅಂಕಿಯಲ್ಲ, ಸಣ್ಣ ಅಂಕಿಗಳು. ಹಸ್ಕಿಗಳು ಹೋದದ್ದು ಪೂರ್ತಿ ಪಾಲಿಗಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಏಳು ವರ್ಷ ನೂರಕ್ಕೆ ಮೂವತ್ತರಷ್ಟೇ ಪಾಲು ಸಾಕು ಎಂದವು. ಅವರ ಜೊತೆಗೇ ಸೇರಿದ ಡಲ್ಲಸ್‌ನ ಎಸ್‌ಎಂಯು ವಿಶ್ವವಿದ್ಯಾಲಯ ಒಂಬತ್ತು ವರ್ಷ ಟಿವಿ ಹಣವೇ ಬೇಡ ಎಂದಿತು. ಅಂದರೆ ದುಡ್ಡಿನ ಆಸೆಗಿಂತ ಹಿಂದುಳಿದುಬಿಟ್ಟೇವು ಎಂಬ ದಿಗಿಲೇ ದೊಡ್ಡದು. ಕೊನೇ ಬಸ್ಸಿಗೆ ಕಿಟಕಿಯಲ್ಲಿ ತೂರಿಕೊಳ್ಳುವವರು ಬಸ್ಸು ಎಲ್ಲಿಗೆ ಹೋಗುತ್ತದೆಂದು ಬೋರ್ಡು ಓದುವುದಿಲ್ಲ.

ಅಭಿಮಾನಿಗೆ ಇದರಿಂದ ಏನು ನಷ್ಟ? ತಂಡವಂತೂ ಎಲ್ಲೂ ಹೋಗಿಲ್ಲ. ಅದೇ ಬಣ್ಣ, ಅದೇ ಸ್ಟೇಡಿಯಂ, ಸರೋವರದ ದಡಕ್ಕೆ ದೋಣಿ ಕಟ್ಟಿ ಉಣ್ಣುವ ಅದೇ ಜನ. ನನಗೆ ಉತ್ತರ ಸಿಕ್ಕಿದ್ದು ನ್ಯೂಜೆರ್ಸಿಯ ಗೆಳೆಯನೊಬ್ಬನ ಫೋನಿನಲ್ಲಿ. ಅವನ ಮಗಳು ಓದುವುದು ರಟ್ಗರ್ಸ್‌ನಲ್ಲಿ, ಅದೂ ಈಗ ಹಸ್ಕಿಗಳ ಹೋಬಳಿಯೇ. 2024ರ ಸೆಪ್ಟೆಂಬರ್ ಕೊನೆಯ ಶುಕ್ರವಾರ ರಾತ್ರಿ ಹಸ್ಕಿಗಳು ದೇಶದ ಈ ತುದಿಯಿಂದ ಆ ತುದಿಗೆ ಹಾರಿ ಪಿಸ್ಕಾಟವೇಗೆ ಹೋಗಿ 21-18ಕ್ಕೆ ಸೋತು ಬಂದರು. ಮಗನನ್ನು ಕೆಣಕಲಿ ಎಂದು ಫೋನನ್ನು ಅವನ ಕೈಗೇ ಕೊಟ್ಟೆ. ಗೆಳೆಯ ಎರಡು ಮಾತಾಡಿ ಕ್ರಿಕೆಟ್ಟಿಗೆ ಹೊರಳಿದ. ಆಮೇಲೆ ನನ್ನ ಹತ್ತಿರ ಹೇಳಿದ: “ಬೈಯೋಕೂ ಮನಸ್ಸು ಬರಲ್ಲ ಮಾರಾಯ. ನಮಗೂ ನಿಮಗೂ ಏನು ಸಂಬಂಧ?”

ಅದೇ ನಷ್ಟ. ದ್ವೇಷಕ್ಕೂ ನೆರೆಹೊರೆ ಬೇಕು. ಹಸ್ಕಿಗಳೂ ನಮ್ಮ ವಾಷಿಂಗ್ಟನ್ ಸ್ಟೇಟಿನ ಕೂಗರ್‌ಗಳೂ ಒಂದೇ ಕಚೇರಿಯ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರುತ್ತಾರೆ, ಒಂದೇ ಮನೆಯಲ್ಲಿ ಉಣ್ಣುತ್ತಾರೆ. ಸೋತವರು ಸೋಮವಾರ ಮುಖ ತೋರಿಸಲೇಬೇಕು. ರಟ್ಗರ್ಸ್‌ನವರಿಗೆ ಯಾರು ಮುಖ ತೋರಿಸಬೇಕು?

ನ್ಯಾಯಕ್ಕೆ ಇನ್ನೊಂದು ಬದಿಯನ್ನೂ ಹೇಳಬೇಕು. ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ನಡುವಿನ ಆಟವನ್ನು 2011ರಲ್ಲಿ ನಿಲ್ಲಿಸಿದ್ದೂ ಇದೇ ಪಕ್ಷಾಂತರ, 2024ರಲ್ಲಿ ಇಬ್ಬರನ್ನೂ ಎಸ್‌ಇಸಿ ಎಂಬ ಕಾನ್ಫರೆನ್ಸಿನಲ್ಲಿ ಮತ್ತೆ ಎದುರುಬದುರು ನಿಲ್ಲಿಸಿದ್ದೂ ಇದೇ. ಆಸ್ಟಿನ್‌ನ ನಮ್ಮವರು ಖುಷಿಯಲ್ಲಿದ್ದಾರೆ. ಇರಲಿ.

ಬೈಯುವ ಮುಂಚೆ ನನ್ನ ಬಾಯಿಗೂ ಒಂದು ಬೀಗ ಇದೆ. ಹೆಚ್ಚು ಸಂಬಳ ಸಿಗುತ್ತದೆಂದು ಊರು ಬಿಟ್ಟು ಬಂದವನು ನಾನು. ಗದಗದಲ್ಲಿ ಉಳಿದ ಅಣ್ಣನ ಪಾಲಿಗೂ ಮನೆಯ ನಾಮಫಲಕ, ಸೋರುವ ಮಾಳಿಗೆ, ತಂದೆಯ ಔಷಧಿ ಚೀಟಿಗಳೇ ಬಂದದ್ದು. ಹಸ್ಕಿಗಳನ್ನು ದ್ರೋಹಿಗಳೆಂದು ಮಗನ ಎದುರು ಒಮ್ಮೆ ಅಂದಾಗ ಅವನು ತಣ್ಣಗೆ, “ನೀವು ಅಮೆರಿಕಕ್ಕೆ ಯಾಕೆ ಬಂದಿರಿ ಅಪ್ಪಾ?” ಎಂದ. ಅವತ್ತು ಊಟ ಬೇಗ ಮುಗಿಯಿತು.

ನಾನು ಪುಲ್‌ಮನ್‌ಗೆ ಎಂ.ಎಸ್. ಓದಲು ಬಂದದ್ದು 1997ರ ಆಗಸ್ಟ್‌ನಲ್ಲಿ. ಸುತ್ತ ಗೋಧಿ ಬೆಳೆಯುವ ಪಲೂಸ್ ಗುಡ್ಡಗಳು. ಎರೆಹೊಲ ಕಂಡವನಿಗೆ ಅದು ಹೇಗೋ ನಮ್ಮ ಕಡೆಯದೇ ಅನ್ನಿಸಿತು, ಹಿಮ ಬೀಳುವವರೆಗೆ. ಫುಟ್‌ಬಾಲ್ ಎಂದರೆ ಕಾಲಲ್ಲಿ ಆಡುವುದು ಎಂದುಕೊಂಡಿದ್ದೆ. ಆ ನವೆಂಬರಿನಲ್ಲಿ ನಮ್ಮವರು ಸಿಯಾಟಲ್‌ಗೇ ಹೋಗಿ ಹಸ್ಕಿಗಳನ್ನು 41-35ಕ್ಕೆ ಸೋಲಿಸಿ, ಅರವತ್ತೇಳು ವರ್ಷಗಳ ಮೇಲೆ ರೋಸ್ ಬೌಲ್‌ಗೆ ಹೊರಟರು. ಗುರುತೇ ಇಲ್ಲದ ಮುದುಕನೊಬ್ಬ ನನ್ನನ್ನು ಎತ್ತಿ ತಿರುಗಿಸಿದ. ಈ ದೇಶದಲ್ಲಿ ಯಾರಾದರೂ ನನ್ನನ್ನು ಮುಟ್ಟಿ ಮಾತಾಡಿಸಿದ್ದು ಅದೇ ಮೊದಲು. 1998ರ ಜನವರಿ 1ರಂದು ಮಿಷಿಗನ್ ಎದುರು 21-16ಕ್ಕೆ ಸೋತೆವು, ಗಡಿಯಾರದಲ್ಲಿ ಇನ್ನೊಂದು ಸೆಕೆಂಡು ಉಳಿದಿತ್ತೇ ಎಂಬ ವಾದ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ನಡೆದಿದೆ. ರೋಸ್ ಬೌಲ್ ಎಂದರೆ ಆಗ ನಮ್ಮ ಹೋಬಳಿಯ ಗೆದ್ದವರಿಗೂ ಬಿಗ್ ಟೆನ್‌ನ ಗೆದ್ದವರಿಗೂ ಆಟ, 1947ರಿಂದ ನಡೆದು ಬಂದದ್ದು. 2025ರ ಹೊಸವರ್ಷದ ರೋಸ್ ಬೌಲ್‌ನಲ್ಲಿ ಆಡಿದವರು ಒಹಾಯೊ ಸ್ಟೇಟ್ ಮತ್ತು ಆರಿಗನ್. ಎರಡೂ ಬಿಗ್ ಟೆನ್!

ಈ ಸಲದ ಆಪಲ್ ಕಪ್ ಪುಲ್‌ಮನ್‌ನಲ್ಲಿ, ಸೆಪ್ಟೆಂಬರ್ 20. ಪಿತೃಪಕ್ಷ, ಮರುದಿನವೇ ಮಹಾಲಯ ಅಮಾವಾಸ್ಯೆ, ಇಂಥ ದಿನ ಹೊರಡುತ್ತಾರೆಯೇ ಎಂದು ಮನೆಯವಳು ಗೊಣಗಿದಳು. ಅಪ್ಪ ಮಗ ಇಬ್ಬರೂ ಹೊರಟೆವು. ಸ್ನೋಕ್ವಾಲ್ಮಿ ಕಣಿವೆ ದಾಟಿ, ವ್ಯಾಂಟೇಜ್‌ನಲ್ಲಿ ಕೊಲಂಬಿಯಾ ನದಿ ದಾಟಿ, ಅಲ್ಲಿಂದ 26ನೇ ರಸ್ತೆ. ಕೊಯ್ಲಾದ ಗೋಧಿ ಹೊಲಗಳ ಕೂಳೆ ಬಿಸಿಲಿಗೆ ಹೊಳೆಯುತ್ತಿತ್ತು. ಪುಲ್‌ಮನ್‌ನ ಜನಸಂಖ್ಯೆಯೂ ಸ್ಟೇಡಿಯಮ್ಮಿನ ಆಸನಗಳೂ ಹೆಚ್ಚುಕಡಿಮೆ ಸಮ, ಎರಡೂ ಮೂವತ್ತಮೂರು ಸಾವಿರದ ಹತ್ತಿರ. ಆಟದ ದಿನ ಮನೆಗಳಲ್ಲಿ ಯಾರಿರುತ್ತಾರೋ ಕಾಣೆ. ಹೆಂಡತಿಯ ಮಾತೇ ನಿಜವಾಯಿತು: 59-24ಕ್ಕೆ ನಮ್ಮವರು ಸೋತರು. ಬೆನ್ನ ಹಿಂದಿನ ಸಾಲಿನ ಅಜ್ಜಿಯೊಬ್ಬರು ಮಗನ ನೇರಳೆ ಶರ್ಟು ನೋಡಿ ಆಟದುದ್ದಕ್ಕೂ ಬೈದರು, ನಾಲ್ಕನೇ ಕ್ವಾರ್ಟರ್‌ನಲ್ಲಿ ಚಳಿ ಹೆಚ್ಚಾದಾಗ ತಮ್ಮ ಕಡುಗೆಂಪು ಕಂಬಳಿಯ ಒಂದು ತುದಿಯನ್ನು ಅವನ ಹೆಗಲಿಗೆ ಎಳೆದರು. ಬೈಯುವುದನ್ನು ನಿಲ್ಲಿಸಲಿಲ್ಲ.

ನಮ್ಮವರೇನೂ ಸಾಚಾಗಳಲ್ಲ. 2024ರಲ್ಲಿ ಆಡಲು ಗತಿಯಿಲ್ಲದಾಗ ಪಂದ್ಯಗಳನ್ನು ಕೊಟ್ಟು ಕಾಪಾಡಿದ್ದು ಮೌಂಟನ್ ವೆಸ್ಟ್ ಕಾನ್ಫರೆನ್ಸ್. ಅದೇ ಸೀಸನ್ ಮುಗಿಯುವ ಮೊದಲೇ ಅವರ ಮನೆಯಿಂದ ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್ ಸೇರಿ ಐದು ತಂಡಗಳನ್ನು 2026ಕ್ಕೆಂದು ಎಳೆದುಕೊಂಡರು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ಅಲ್ಲವೇ? ನನ್ನ ಬ್ಯಾಚಿನವರು ಇದನ್ನು “ಪುನರ್ನಿರ್ಮಾಣ” ಎನ್ನುತ್ತಾರೆ.

ಆಪಲ್ ಕಪ್ ಸದ್ಯಕ್ಕೆ 2028ರವರೆಗೆ ಗಟ್ಟಿ, ಎರಡೂ ಕಡೆಯವರು ಒಪ್ಪಂದಕ್ಕೆ ಒಪ್ಪಿದ್ದಾರೆ. ಆದ್ದರಿಂದ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ: ಮುಂದಿನ ವರ್ಷದ ಗಣೇಶೋತ್ಸವಕ್ಕೆ ಹಾಲ್ ಕಾಯ್ದಿರಿಸುವ ಮೊದಲು ಪಂಚಾಂಗದ ಜೊತೆಗೆ ಹಸ್ಕಿಗಳ ವೇಳಾಪಟ್ಟಿಯನ್ನೂ ಒಮ್ಮೆ ನೋಡಿ. ಅದಾಗದಿದ್ದರೆ ಅಡುಗೆಮನೆಯ ಬಾಗಿಲು ಭದ್ರವಾಗಿ ಮುಚ್ಚುವಂಥದ್ದು ಇರಲಿ. ಕೋಸಂಬರಿಯ ಹೊಣೆ ಎಂದಿನಂತೆ ನನ್ನದು.

ನಿಮ್ಮ,
ಸಂಪಾದಕ