ಶರಾವತಿ ಸರ್ಕಲ್ ದಾಟುವವರಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಹೊನ್ನಾವರದ ಶರಾವತಿ ಸರ್ಕಲ್‌ನಲ್ಲಿ ಸಂಜೆ ಶಾಲೆ ಬಿಡುವ ಹೊತ್ತಿಗೆ ಒಮ್ಮೆ ನಿಂತು ನೋಡಿ. ಮಕ್ಕಳು, ಮೀನು ಬುಟ್ಟಿ ಹಿಡಿದ ಹೆಂಗಸರು, ಸೈಕಲ್‌ನವರು, ಎಲ್ಲರೂ ರಸ್ತೆಯಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಕಾಯುತ್ತಿರುತ್ತಾರೆ. ಮಂಗಳೂರು-ಗೋವಾ ಕಡೆಯ ಹೆದ್ದಾರಿ 66ಕ್ಕೆ ಗೇರುಸೊಪ್ಪೆ ಘಟ್ಟ ಇಳಿದು ಬರುವ ಹೆದ್ದಾರಿ 69 ಸೇರುವುದು ಇಲ್ಲೇ, ಹಾಗಾಗಿ ಲಾರಿ, ಟ್ಯಾಂಕರ್, ಪ್ರವಾಸಿಗರ ಕಾರು ಬರುತ್ತಲೇ ಇರುತ್ತವೆ. ಕಳೆದ ಮಳೆಗಾಲದಲ್ಲಿ ಎಡಕ್ಕೆ ತಿರುಗಿದ ಕಾರೊಂದು ನನ್ನ ಸೈಕಲ್‌ಗೆ ತಾಗಿತು. ಮೊಣಕೈ ಇನ್ನೂ ನೋಯುತ್ತದೆ.

ಫ್ಲೈಓವರ್ ಬೇಕು ಎಂಬ ಮಾತಿದೆ. ಬರಲಿ. ಆದರೆ ಅದು ಬಂದ ಮೇಲೂ ಕೆಳಗೆ ನಡೆದು ದಾಟುವವರು ಇದ್ದೇ ಇರುತ್ತಾರೆ ಅಲ್ವಾ? ಎಡ ತಿರುವಿನ ಮೂಲೆ ಅಗಲವಾಗಿದ್ದಷ್ಟೂ ಡ್ರೈವರ್ ಬ್ರೇಕ್ ಮುಟ್ಟದೆ ತಿರುಗಿಸುತ್ತಾನೆ, ಅದನ್ನೇ ಸ್ವಲ್ಪ ಕಿರಿದು ಮಾಡಿದರೆ ಬೋರ್ಡು, ದಂಡ ಏನೂ ಇಲ್ಲದೆ ತಾನಾಗಿಯೇ ನಿಧಾನಿಸುತ್ತಾನೆ. ವೇಗ 60ರಿಂದ 30ಕ್ಕೆ ಇಳಿದರೆ ಬ್ರೇಕ್ ಹಿಡಿದ ಮೇಲೆ ವಾಹನ ಓಡುವ ದೂರ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಮಗುವಿನ ಜೀವ ಉಳಿಯಲು ಅಷ್ಟೇ ಸಾಕಾಗಬಹುದು.

ಸುಮ್ನೆ ಜೀಬ್ರಾ ಪಟ್ಟೆ ಬಳಿದರೆ ನಮ್ಮ ಮಳೆಗೆ ನಿಲ್ಲುವುದಿಲ್ಲ. ರಸ್ತೆ ನಡುವೆ ನಿಲ್ಲಲು ಕಲ್ಲು ಕಟ್ಟಿದ ಜಾಗ ಬೇಕು, ಆಗ ಅಜ್ಜಿಯೊಬ್ಬರು ಒಂದು ಸಲಕ್ಕೆ ಒಂದೇ ದಿಕ್ಕಿನ ವಾಹನ ನೋಡಿಕೊಂಡು ಅರ್ಧರ್ಧ ದಾಟಬಹುದು. ಸೈಕಲ್‌ಗೆ ಬೇರೆ ಪಟ್ಟಿ, ಬಸ್ ನಿಲ್ಲುವ ಜಾಗ ಸ್ವಲ್ಪ ಆಚೆ, ರಾತ್ರಿಗೆ ಒಳ್ಳೆಯ ದೀಪ. ಇದಕ್ಕೆಲ್ಲ ಜಾಸ್ತಿ ಹಣ ಬೇಕಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಆ ನಡುವಿನ ಜಾಗವನ್ನಾದರೂ ಕಟ್ಟಿಕೊಡಿ.

- ಒಬ್ಬ ಸೈಕಲ್ ಸವಾರ, ಹೊನ್ನಾವರ